ಗುಲಾಬಿಯ ಎಲೆ ತಿಂದವರು ಯಾರು? – ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಮುಗಿಯುತ್ತಾ ಬಂದಂತೆ ಕರಾವಳಿಯ ಓದುಗರಿಂದ ಗುಲಾಬಿಯ ಕುರಿತ ಪತ್ರಗಳು ಬರತೊಡಗುತ್ತವೆ. ಈ ಬಾರಿ ಬಂದವುಗಳಲ್ಲಿ ಬಹುಪಾಲು ಎಲೆಗೆ ಸಂಬಂಧಿಸಿದವು, ಬರೆದವರಲ್ಲಿ ಹೆಚ್ಚಿನವರು ಇದೇ ಮೊದಲ ಸಲ ಗುಲಾಬಿ ನೆಟ್ಟವರು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಕಳೆದ ಜನವರಿಯಲ್ಲಿ ಕದ್ರಿ ಉದ್ಯಾನದ ಫಲಪುಷ್ಪ ಪ್ರದರ್ಶನ ನೋಡಿ ಬಂದ ಹುಮ್ಮಸ್ಸಿನಲ್ಲಿ ಆರು ಗುಲಾಬಿ ಗಿಡಗಳನ್ನು ಕೊಂಡು ತಾರಸಿಯಲ್ಲಿ ಚಟ್ಟಿಗಳಲ್ಲಿ ನೆಟ್ಟೆ. ಮೇ ತಿಂಗಳ ತನಕ ಚೆನ್ನಾಗಿ ಹೂ ಬಿಟ್ಟವು. ಮಳೆ ಹಿಡಿದ ಮೇಲೆ ಕೆಲವು ಎಲೆಗಳಲ್ಲಿ ತೂತುಗಳು ಕಂಡವು, ಕೆಲವು ಎಲೆಗಳ ಅಂಚು ಅರ್ಧ ವೃತ್ತಾಕಾರದಲ್ಲಿ ಕತ್ತರಿಸಿದಂತಾಯಿತು, ಉಳಿದವು ಕಪ್ಪು ಚುಕ್ಕೆ ಬಂದು ಹಳದಿಯಾಗಿ ಉದುರಿದವು. ಈಗ ಎರಡು ಗಿಡಗಳಲ್ಲಿ ಬರೀ ಕಡ್ಡಿ ಉಳಿದಿದೆ. ಅಂಗಡಿಯವರು ಕೊಟ್ಟ ಕೀಟನಾಶಕವನ್ನು ವಾರಕ್ಕೊಮ್ಮೆ ಸಿಂಪಡಿಸಿದರೂ ಗುಣ ಕಾಣಲಿಲ್ಲ, ಹುಳವೂ ಕಣ್ಣಿಗೆ ಬೀಳಲಿಲ್ಲ. ಯಾವ ಮದ್ದು ಬಿಡಬೇಕು? (ಓದುಗರೊಬ್ಬರು, ಬಿಜೈ, ಮಂಗಳೂರು)

ಉತ್ತರ: ನೀವು ಕಂಡಿರುವುದು ಒಂದೇ ತೊಂದರೆಯಲ್ಲ. ಒಂದು ಶಿಲೀಂಧ್ರ ರೋಗ, ಒಂದು ನಿರುಪದ್ರವಿ ಜೇನು ಮತ್ತು ರಾತ್ರಿ ಹೊತ್ತು ಮೇಯಲು ಬರುವ ಒಂದೆರಡು ಜೀವಿಗಳು ನಿಮ್ಮ ತಾರಸಿಯಲ್ಲಿ ಒಂದೇ ಕಾಲಕ್ಕೆ ಸೇರಿಕೊಂಡಿವೆ. ಆದ್ದರಿಂದ ಮದ್ದಿನ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಒಂದೊಂದು ಬಗೆಯಲ್ಲಿ ಹಾಳಾದ ಒಂದೊಂದು ಎಲೆಯನ್ನು ಕಿತ್ತು, ಬಿಳಿ ಕಾಗದದ ಮೇಲಿಟ್ಟು, ಹಗಲು ಬೆಳಕಿನಲ್ಲಿ ಎರಡೂ ಮಗ್ಗುಲನ್ನು ನೋಡಿ. ಗುಲಾಬಿಯ ಮಟ್ಟಿಗೆ ಅರ್ಧ ಚಿಕಿತ್ಸೆ ಈ ನೋಟದಲ್ಲೇ ಇದೆ.

ಮೊದಲು ಕಪ್ಪು ಚುಕ್ಕೆಯ ವಿಷಯ, ಏಕೆಂದರೆ ನಿಮ್ಮ ಗಿಡಗಳನ್ನು ಬೋಳು ಮಾಡಿದ್ದು ಅದೇ. ಎಲೆಯ ಮೇಲ್ಮೈಯಲ್ಲಿ ಬಟಾಣಿ ಕಾಳಿನಷ್ಟು ಅಗಲದ ಕಪ್ಪು ಮಚ್ಚೆಗಳು ಮೂಡಿ, ಅವುಗಳ ಅಂಚು ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಎಳೆ ಎಳೆಯಾಗಿ ಹರಡಿದ್ದು, ಸುತ್ತಲಿನ ಹಸಿರು ಹಳದಿಗೆ ತಿರುಗಿ, ಕೊನೆಗೆ ಬೆರಳು ತಾಗಿದರೆ ಎಲೆ ಉದುರುವಂತಿದ್ದರೆ ಅದು ಕಪ್ಪು ಚುಕ್ಕೆ ರೋಗ. ಡಿಪ್ಲೊಕಾರ್ಪನ್ ರೋಸೇ ಎಂಬ ಶಿಲೀಂಧ್ರದಿಂದ ಬರುವ ಈ ರೋಗ ಕೆಳಗಿನ ಎಲೆಗಳಲ್ಲಿ ಆರಂಭವಾಗಿ ಮೇಲಕ್ಕೆ ಏರುತ್ತದೆ. ಮಚ್ಚೆಯ ನಡುಭಾಗ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಬೇರೊಂದು ಶಿಲೀಂಧ್ರದ ಎಲೆಚುಕ್ಕೆ ಇರಬಹುದು, ಆದರೆ ಮನೆಯ ಮಟ್ಟದಲ್ಲಿ ಎರಡಕ್ಕೂ ಉಪಚಾರ ಒಂದೇ. ನೀವು ವಾರವಾರ ಸಿಂಪಡಿಸಿದ್ದು ಕೀಟನಾಶಕ. ಅದು ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಅದರಿಂದ ಸತ್ತಿರುವುದು, ಹುಳಗಳನ್ನು ತಿಂದು ಬದುಕುವ ಪರೋಪಕಾರಿ ಕೀಟಗಳು ಮಾತ್ರ ಎಂದರೂ ತಪ್ಪಾಗಲಾರದು.

ಈ ಶಿಲೀಂಧ್ರದ ಬೀಜಕ ಮೊಳೆತು ಎಲೆಯೊಳಗೆ ನುಗ್ಗಬೇಕಾದರೆ ಎಲೆ ಕನಿಷ್ಠ 7 ಗಂಟೆಗಳ ಕಾಲ ಸತತವಾಗಿ ಒದ್ದೆಯಾಗಿರಬೇಕು. ಬೆಂಗಳೂರಿನಲ್ಲಿ ಸಂಜೆಯ ಮಳೆ ರಾತ್ರಿ ನಿಂತು ಬೆಳಗ್ಗೆ ಬಿಸಿಲು ಬಂದರೆ ಗಿಡ ಹೇಗೋ ಪಾರಾಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುವ ಮಂಗಳೂರಿನಲ್ಲಿ, ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಎಲೆ ಒಣಗುವುದೇ ಅಪರೂಪ. ನಮ್ಮ ನರ್ಸರಿಗಳಿಗೆ ಬರುವ ಗುಲಾಬಿಗಳಲ್ಲಿ ಹೆಚ್ಚಿನವು ಘಟ್ಟದ ಮೇಲಿನ ಹವೆಯಲ್ಲಿ, ಬೆಂಗಳೂರು ಮತ್ತು ಹೊಸೂರಿನ ಸುತ್ತಮುತ್ತ ಬೆಳೆದು ಬಂದವು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಮೊದಲ ಮಳೆಗಾಲದಲ್ಲಿ ಗಿಡ ಎಲೆ ಕಳೆದುಕೊಂಡರೆ ಅದು ಸಾಕಿದವರ ಅಜಾಗರೂಕತೆಯೇ ಆಗಬೇಕೆಂದಿಲ್ಲ.

ಹಾಗಾಗಿ ಕರಾವಳಿಯಲ್ಲಿ ಈ ರೋಗಕ್ಕೆ ಮೊದಲ ಮದ್ದು ಎಂದರೆ ಗಿಡದ ಮೇಲೊಂದು ಸೂರು. ತಾರಸಿಯ ಒಂದು ಬದಿಯಲ್ಲಿ ಬೆಳಕು ಹಾಯುವ ಪಾರದರ್ಶಕ ಶೀಟನ್ನು ಎತ್ತರದಲ್ಲಿ ಇಳಿಜಾರಾಗಿ ಹಾಕಿ, ನಾಲ್ಕೂ ಬದಿಗಳನ್ನು ಗಾಳಿಗೆ ತೆರೆದಿಟ್ಟು, ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಕುಂಡಗಳನ್ನು ಅದರಡಿಗೆ ಸರಿಸಿದರೆ ಮುಂದಿನ ವರ್ಷ ಇಷ್ಟೊಂದು ನಷ್ಟವಾಗದು. ಕುಂಡಗಳ ನಡುವೆ ಒಂದು ಮೊಳವಾದರೂ ಅಂತರವಿರಲಿ. ನೀರನ್ನು ಬುಡಕ್ಕೆ, ಬೆಳಗಿನ ಹೊತ್ತು ಹಾಕಿ. ಉದುರಿದ ಎಲೆಗಳನ್ನು ಅಂದಂದೇ ಹೆಕ್ಕಿ ಸುಡಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಬಿದ್ದ ಎಲೆಯ ಮೇಲಿನ ಬೀಜಕಗಳೇ ಮಳೆಹನಿ ಸಿಡಿದಾಗ ಮತ್ತೆ ಗಿಡಕ್ಕೆ ಏರುತ್ತವೆ. ಇಷ್ಟು ಮಾಡಿದ ಮೇಲೂ ಹೊಸ ಚಿಗುರಿನಲ್ಲಿ ಚುಕ್ಕೆ ಕಂಡರೆ ಮಾತ್ರ ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಮಿನಂತೆ ಕಲಸಿ, ಮಳೆ ಬಿಡುವು ಕೊಟ್ಟ ದಿನ ಎಲೆಯ ಎರಡೂ ಬದಿಗೆ ತಾಗುವಂತೆ ಸಿಂಪಡಿಸಬಹುದು. ಈಗಾಗಲೇ ಚುಕ್ಕೆ ಬಿದ್ದ ಎಲೆ ಯಾವ ಮದ್ದಿನಿಂದಲೂ ಮತ್ತೆ ಹಸಿರಾಗುವುದಿಲ್ಲ, ಮದ್ದು ಕಾಯುವುದು ಮುಂದೆ ಬರುವ ಎಲೆಯನ್ನು.

ಇನ್ನು ಅರ್ಧ ವೃತ್ತಾಕಾರದ ಕತ್ತರಿಕೆ. ಅಂಚು ಬ್ಲೇಡಿನಿಂದ ಕೊಯ್ದಷ್ಟು ನಯವಾಗಿದೆಯೇ ನೋಡಿ. ನಯವಾಗಿದ್ದರೆ ಅದು ಎಲೆ ಕತ್ತರಿಸುವ ಒಂಟಿ ಜೇನಿನ ಕೆಲಸ. ಹೆಣ್ಣು ಜೇನು ಎಲೆಯ ಅಂಚಿನಲ್ಲಿ ಕುಳಿತು, ಕೆಲವೇ ಕ್ಷಣಗಳಲ್ಲಿ ಒಂದು ತುಂಡನ್ನು ಕತ್ತರಿಸಿ, ಅದನ್ನು ಹೊಟ್ಟೆಯಡಿ ಮಡಚಿ ಹಿಡಿದು ಹಾರಿಹೋಗುತ್ತದೆ. ಗೋಡೆಯ ಬಿರುಕು, ಬಿದಿರಿನ ತುಂಡು, ಬಳಸದೆ ಬಿಟ್ಟ ಪೈಪಿನ ಬಾಯಿ ಇಂಥಲ್ಲಿ ಆ ತುಂಡುಗಳನ್ನು ಸುರುಳಿ ಸುತ್ತಿ ಕೋಣೆ ಮಾಡಿ, ಒಳಗೆ ಪರಾಗ ತುಂಬಿ ಮೊಟ್ಟೆಯಿಡುತ್ತದೆ. ಅದು ಎಲೆಯನ್ನು ತಿನ್ನುವುದಿಲ್ಲವಾದ್ದರಿಂದ ಎಲೆಗೆ ಬಳಿದ ವಿಷ ಅದನ್ನು ತಡೆಯುವುದೂ ಕಡಿಮೆ. ಗಿಡಕ್ಕೆ ಆಗುವ ನಷ್ಟ ನೋಟದ್ದು ಮಾತ್ರ, ಪ್ರತಿಯಾಗಿ ನಿಮ್ಮ ಬದನೆ, ಅಲಸಂಡೆಗಳ ಹೂವಿಗೆ ಪರಾಗಸ್ಪರ್ಶದ ನೆರವು ಸಿಗುತ್ತದೆ. ನನ್ನ ಅಭಿಪ್ರಾಯ ಕೇಳುವುದಾದರೆ, ಆ ಎಲೆಗಳನ್ನು ಹಾಗೆಯೇ ಬಿಡಿ.

ತೂತುಗಳ ಅಪರಾಧಿ ಹಗಲಿನಲ್ಲಿ ಸಿಗುವುದು ಕಷ್ಟ. ರಾತ್ರಿ ಎಂಟರ ಸುಮಾರಿಗೆ ಟಾರ್ಚ್ ಹಿಡಿದು ತಾರಸಿಗೆ ಹೋಗಿ. ಮೇ ಕೊನೆಯ ಗುಡುಗು ಮಳೆ ಬಿದ್ದ ಮೇಲೆ, ಅಡಿಕೆ ತೋಟದವರನ್ನು ಕಾಡುವ ಬೇರುಹುಳದ ಬಳಗಕ್ಕೆ ಸೇರಿದ ಕಂದು ದುಂಬಿಗಳು ಮಣ್ಣಿನಿಂದ ಎದ್ದು ದೀಪದ ಸುತ್ತ ಹಾರಾಡುವುದನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಕೆಲವು ಜಾತಿಗಳು ರಾತ್ರಿಯಿಡೀ ಗುಲಾಬಿಯ ಎಲೆ ಮೇಯ್ದು, ನರಗಳನ್ನಷ್ಟೇ ಉಳಿಸಿ, ಬೆಳಗಾಗುವಷ್ಟರಲ್ಲಿ ಮಣ್ಣು ಸೇರುತ್ತವೆ. ಕೈಯಲ್ಲಿ ಹಿಡಿದು ಸಾಬೂನು ನೀರಿನ ಬಕೆಟ್ಟಿಗೆ ಹಾಕುವುದಕ್ಕಿಂತ ಒಳ್ಳೆಯ ಉಪಾಯ ಮನೆಯ ಕೈದೋಟಕ್ಕೆ ಇಲ್ಲ. ಎಲೆಯ ಮೇಲೆ ಸಾಸಿವೆ ಕಾಳಿನಂಥ ಕಪ್ಪು ಹಿಕ್ಕೆಗಳು ಬಿದ್ದಿದ್ದರೆ ಮರಿಹುಳು ಇದೆಯೆಂದು ತಿಳಿದು, ಅದರ ನೇರ ಮೇಲಿನ ಎಲೆಗಳ ಅಡಿಭಾಗವನ್ನು ಹುಡುಕಬೇಕು. ಮೈತುಂಬ ರೋಮವಿರುವ ಕಂಬಳಿಹುಳುವಾದರೆ ಬರಿಗೈಯಲ್ಲಿ ಮುಟ್ಟದೆ ಎಲೆಸಮೇತ ಕತ್ತರಿಸಿ. ಕುಂಡದ ಅಂಚಿನಲ್ಲಿ ಒಣಗಿದ ಲೋಳೆಯ ಹೊಳಪು ಗೆರೆ ಕಂಡರೆ ಬಸವನಹುಳು. ದೊಡ್ಡ ಗಾತ್ರದ ಆಫ್ರಿಕಾದ ಬಸವನಹುಳು ಈಗ ನಮ್ಮ ಊರುಗಳಲ್ಲೂ ಇದೆ. ಅದರ ಮೈಯಲ್ಲಿ ಮನುಷ್ಯರಿಗೆ ತೊಂದರೆ ಕೊಡುವ ಪರೋಪಜೀವಿಗಳು ಇರಬಹುದಾದ್ದರಿಂದ ಕೈಗವಸು ಹಾಕಿಯೇ ಹೆಕ್ಕಬೇಕು. ಅದಕ್ಕೆಂದು ಕುಂಡದಲ್ಲಿ ಉಪ್ಪು ಎರಚಿದರೆ ಬಸವನಹುಳುವಿನ ಜೊತೆಗೆ ಗುಲಾಬಿಯೂ ಹೋಗುತ್ತದೆ.

ಬರೀ ಕಡ್ಡಿ ಉಳಿದ ಎರಡು ಗಿಡಗಳನ್ನು ಎಸೆಯಬೇಡಿ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದಾಗ ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ. ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ ಒಣಗಿದ, ಕಪ್ಪಾದ ಭಾಗವನ್ನು ಹಸಿರು ಕಾಣುವವರೆಗೆ ಕತ್ತರಿಸಿ, ಹೊರಮುಖವಾಗಿರುವ ಮೊಗ್ಗಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿ ಹಾಕಿ. ಪುಸ್ತಕಗಳಲ್ಲಿ ಹೇಳುವಂತೆ ಮೊಣಕಾಲ ಮಟ್ಟಕ್ಕಿಂತ ಕೆಳಗೆ ಸವರುವ ಧೈರ್ಯ ಈ ವರ್ಷ ಬೇಡ. ಎಲೆಯಿಲ್ಲದೆ ನಾಲ್ಕು ತಿಂಗಳು ಕಳೆದ ಗಿಡದಲ್ಲಿ ಚಿಗುರುವಷ್ಟು ಶಕ್ತಿ ಆ ಕಡ್ಡಿಗಳಲ್ಲೇ ಉಳಿದಿರುತ್ತದೆ. ಒಂದು ಹಿಡಿ ಬೇವಿನ ಹಿಂಡಿಯನ್ನು ಚೆನ್ನಾಗಿ ಕಳಿತ ಹಟ್ಟಿಗೊಬ್ಬರದೊಂದಿಗೆ ಬುಡಕ್ಕೆ ಕೊಟ್ಟು, ದಿನಕ್ಕೆ 6 ಗಂಟೆ ಬಿಸಿಲು ಬೀಳುವಲ್ಲಿ ಇಡಿ. ಎಲ್ಲವೂ ಸರಿಯಾಗಿದ್ದರೆ ಕತ್ತರಿಸಿದ ಸುಮಾರು ಒಂದೂವರೆ ತಿಂಗಳಿಗೆ ಹೂ ನೋಡಬಹುದು.

ಪ್ರಶ್ನೆ: ಗುಲಾಬಿಯ ಮೊಗ್ಗಿನ ಮೇಲೆ ಸದಾ ಇರುವೆಗಳ ಸಾಲು. ಇರುವೆ ಪುಡಿ ಹಾಕಿದರೂ ಎರಡೇ ದಿನದಲ್ಲಿ ಮತ್ತೆ ಬರುತ್ತವೆ. ಇರುವೆಗಳು ಮೊಗ್ಗು ತಿನ್ನುತ್ತವೆಯೇ? (ಕಟಪಾಡಿ)

ಉತ್ತರ: ತಿನ್ನುವುದಿಲ್ಲ. ಅವು ಬಂದಿರುವುದು ಗಿಡಹೇನುಗಳನ್ನು ಹುಡುಕಿಕೊಂಡು. ಮೊಗ್ಗಿನ ತೊಟ್ಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಹಸಿರು ಅಥವಾ ನಸುಗೆಂಪು ಬಣ್ಣದ, ಎಳ್ಳಿನ ಗಾತ್ರದ ಮೆದು ಮೈಯ ಹೇನುಗಳು ತಲೆ ಕೆಳಗೆ ಮಾಡಿ ಒತ್ತೊತ್ತಾಗಿ ಕುಳಿತು ರಸ ಹೀರುವುದು ಕಾಣುತ್ತದೆ. ಹೆಚ್ಚಾದ ಸಕ್ಕರೆಯನ್ನು ಅವು ಸಿಹಿ ಅಂಟಾಗಿ ಹೊರಹಾಕುತ್ತವೆ, ಇರುವೆಗೆ ಬೇಕಾದದ್ದು ಆ ಅಂಟು. ಅದಕ್ಕಾಗಿ ಅವು ಹೇನುಗಳನ್ನು ಶತ್ರುಗಳಿಂದ ಕಾಯುತ್ತವೆ ಕೂಡ. ಕೆಳಗಿನ ಎಲೆಗಳ ಮೇಲೆ ಮಸಿಯಂಥ ಪದರ ಕಟ್ಟಿದ್ದರೆ ಅದು ಇದೇ ಅಂಟಿನ ಮೇಲೆ ಬೆಳೆದ ಶಿಲೀಂಧ್ರ.

ಗಿಡಹೇನು ಗಂಡಿನ ಸಂಗವಿಲ್ಲದೆಯೂ ನೇರವಾಗಿ ಮರಿ ಹಾಕುವುದರಿಂದ ವಾರದೊಳಗೆ ಹತ್ತು ನೂರಾಗುತ್ತದೆ. ಆದರೆ ಇಷ್ಟು ಸುಲಭವಾಗಿ ಹೋಗುವ ಪೀಡೆಯೂ ಬೇರೆ ಇಲ್ಲ. ಮೊಗ್ಗಿನ ಹಿಂದೆ ಒಂದು ಕೈ ಹಿಡಿದು, ಪೈಪಿನ ನೀರನ್ನು ರಭಸವಾಗಿ ಬಿಟ್ಟರೆ ಬಹುಪಾಲು ತೊಳೆದುಹೋಗುತ್ತವೆ, ಬಿದ್ದವು ಹತ್ತಿ ಬರುವುದು ವಿರಳ. ಎರಡು ದಿನಕ್ಕೊಮ್ಮೆ ಹೀಗೆ ಮೂರ್ನಾಲ್ಕು ಸಲ ಮಾಡಿ. ಅದಕ್ಕೂ ಮೊದಲು ಒಂದು ಎಚ್ಚರಿಕೆ: ಹೇನುಗಳ ನಡುವೆ ಕಪ್ಪು ಮೈಯ ಮೇಲೆ ಕಿತ್ತಳೆ ಗುರುತುಗಳಿರುವ, ಉದ್ದನೆಯ, ಆರು ಕಾಲಿನ ಮರಿಯೊಂದು ಓಡಾಡುತ್ತಿದ್ದರೆ ಅದನ್ನು ಕೊಲ್ಲಬೇಡಿ. ಅದು ಗುಲಗಂಜಿ ಹುಳುವಿನ ಮರಿ. ಅದು ಇರುವ ಕೊಂಬೆಗೆ ನೀರನ್ನೂ ಬಿಡದೆ ನಾಲ್ಕು ದಿನ ಕಾದು ನೋಡಿ. ಇರುವೆ ಪುಡಿಯನ್ನು ನಿಲ್ಲಿಸಿ. ಹೇನು ಹೋದರೆ ಇರುವೆ ತಾನಾಗಿ ಹೋಗುತ್ತದೆ.

ಪ್ರಶ್ನೆ: ನಮ್ಮ ಮನೆ ಮಲ್ಪೆಯ ಕಡಲತೀರದಿಂದ ಕೂಗಳತೆಯ ದೂರದಲ್ಲಿದೆ. ಮಾರ್ಚ್ ಬಂತೆಂದರೆ ಗುಲಾಬಿ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಬೇವಿನೆಣ್ಣೆ ಸಿಂಪಡಿಸಿದರೆ ಇನ್ನೂ ಹೆಚ್ಚಾಗುತ್ತದೆ. ಇದು ಯಾವ ಕೀಟ? (ಮಲ್ಪೆ)

ಉತ್ತರ: ನಿಮ್ಮ ವಿವರಣೆಯಿಂದ ಇದು ಕೀಟವಲ್ಲ, ಉಪ್ಪು ಎನಿಸುತ್ತದೆ. ಕೀಟ ತಿಂದ ಎಲೆಗೆ ಒಂದು ಕ್ರಮವಿರುವುದಿಲ್ಲ. ಉಪ್ಪಿನಿಂದ ಸುಟ್ಟ ಎಲೆಯಲ್ಲಾದರೆ ತುದಿಯಿಂದ ಅಂಚಿನುದ್ದಕ್ಕೂ ಒಂದೇ ಅಗಲದ ಕಂದು ಪಟ್ಟಿ ಇರುತ್ತದೆ, ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಗಿಡದ ಪಡುವಣ ಮಗ್ಗುಲಿನ ಎಲೆಗಳೇ ಹೆಚ್ಚು ಸುಟ್ಟಿದ್ದರೆ ಮಧ್ಯಾಹ್ನದ ಕಡಲಗಾಳಿ ಹೊತ್ತು ತರುವ ಉಪ್ಪಿನ ತುಂತುರು ಕಾರಣ. ಎಲ್ಲ ಮಗ್ಗುಲಿನ ಎಲೆಗಳೂ ಸಮನಾಗಿ ಸುಟ್ಟು, ಕುಂಡದ ಹೊರಮೈಯಲ್ಲಿ ಬಿಳಿ ಹುಡಿಯಂಥ ಕೆನೆ ಕಟ್ಟಿದ್ದರೆ ನೀವು ಹಾಕುವ ನೀರೇ ಕಾರಣ. ತೀರದ ಬಾವಿಗಳ ನೀರು ಏಪ್ರಿಲ್, ಮೇ ತಿಂಗಳಲ್ಲಿ ಸವಳಾಗುವುದು ನಿಮಗೆ ಹೊಸತಲ್ಲ. ಮನುಷ್ಯರ ನಾಲಗೆಗೆ ತಿಳಿಯುವ ಮೊದಲೇ ಗುಲಾಬಿಯ ಬೇರಿಗೆ ಅದು ತಿಳಿಯುತ್ತದೆ.

ಗಾಳಿಯ ಉಪ್ಪಾದರೆ ಕುಂಡಗಳನ್ನು ಮನೆಯ ಮೂಡಣ ಬದಿಗೆ ಸರಿಸಿ, ಅಥವಾ ಪಡುವಣ ಬದಿಯಲ್ಲಿ ದಾಸವಾಳದ ಬೇಲಿ ಎಬ್ಬಿಸಿ. ವಾರಕ್ಕೆರಡು ಸಲ ಸಿಹಿನೀರಿನಿಂದ ಎಲೆ ತೊಳೆದರೂ ಸಾಕು. ಬಾವಿಯ ಉಪ್ಪಾದರೆ ಬೇಸಿಗೆಯ ಎರಡು ತಿಂಗಳ ಮಟ್ಟಿಗೆ ನಳ್ಳಿ ನೀರನ್ನೇ ಗುಲಾಬಿಗೆ ಮೀಸಲಿಡಿ. ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ ಬರುವ ನೀರಿನಲ್ಲಿ ಆ ತೊಂದರೆಯಿಲ್ಲ. ಒಂದು ಸಲ ಕುಂಡದ ಅಡಿಯ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಸಿಹಿನೀರು ಹೊಯ್ದು, ಸೇರಿಕೊಂಡ ಉಪ್ಪನ್ನು ತೊಳೆದುಬಿಡಿ. ಬೇವಿನೆಣ್ಣೆಯಿಂದ ಹೆಚ್ಚಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಬಾಯಾರಿದ ಎಲೆಯ ಮೇಲೆ ಎಣ್ಣೆ ಬಿದ್ದು ಬಿಸಿಲು ತಾಗಿದರೆ ಸುಡಲೇಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಫ್ಲ್ಯಾಟಿನ ಬಾಲ್ಕನಿಯ ಗುಲಾಬಿ ಎಲೆಗಳೆಲ್ಲ ಧೂಳು ಹಿಡಿದಂತೆ ಮಾಸಲಾಗಿ, ಸೂಜಿಯಿಂದ ಚುಚ್ಚಿದಂತೆ ಬಿಳಿ ಚುಕ್ಕೆಗಳಾಗಿ, ಕೊನೆಗೆ ಕಂಚಿನ ಬಣ್ಣಕ್ಕೆ ತಿರುಗಿ ಉದುರಿದವು. ಎಲೆಯಡಿ ಜೇಡರ ಬಲೆಯಂಥದ್ದು ಇತ್ತು. ಬರುವ ಬೇಸಿಗೆಗೆ ಮೊದಲೇ ಏನು ಮಾಡಬಹುದು? (ಮಣಿಪಾಲ)

ಉತ್ತರ: ಇದು ಕೆಂಪು ನುಸಿ. ಕೀಟಗಳಿಗೆ ಆರು ಕಾಲು, ಇದಕ್ಕೆ ಎಂಟು. ಜೇಡನ ದೂರದ ನೆಂಟ. ಅರ್ಧ ಮಿಲಿಮೀಟರು ಉದ್ದದ ಈ ಜೀವಿ ಬರಿಗಣ್ಣಿಗೆ ಚುಕ್ಕೆಯಷ್ಟೇ ಕಾಣುತ್ತದೆ. ಬಿಳಿ ಕಾಗದವೊಂದನ್ನು ಎಲೆಯಡಿ ಹಿಡಿದು ಎಲೆಯನ್ನು ಬೆರಳಿನಿಂದ ತಟ್ಟಿ. ಉದುರಿದ ಹುಡಿಯಲ್ಲಿ ಕೆಲವು ಕಣಗಳು ನಿಧಾನವಾಗಿ ನಡೆಯತೊಡಗಿದರೆ ಅನುಮಾನ ಬೇಡ. ಆ ಕಣಗಳ ಮೇಲೆ ಬೆರಳು ಎಳೆದರೆ ಕಾಗದದಲ್ಲಿ ಕೆಂಪು ಅಥವಾ ಹಸಿರು ಗೆರೆ ಮೂಡುತ್ತದೆ.

ಮಳೆ ನುಸಿಯ ಶತ್ರು, ಸೆಕೆ ಮತ್ತು ಒಣ ಹವೆ ಅದರ ಮಿತ್ರ. ಬಿಸಿಯ ದಿನಗಳಲ್ಲಿ ಮೊಟ್ಟೆ ಬೆಳೆದು ಮತ್ತೆ ಮೊಟ್ಟೆಯಿಡುವಂತಾಗಲು ವಾರ, ಹತ್ತು ದಿನ ಸಾಕು. ಮೇಲೆ ಸೂರಿರುವ, ಕಾದ ಗೋಡೆಯ ಪಕ್ಕದ ಬಾಲ್ಕನಿಯಲ್ಲಿ ಮಳೆಯೂ ಇಲ್ಲ, ಮಂಜೂ ಇಲ್ಲವಾದ್ದರಿಂದ ಅದಕ್ಕೆ ಅದಕ್ಕಿಂತ ಒಳ್ಳೆಯ ಮನೆ ಸಿಗದು. ಹೀಗಾಗಿ ಮಳೆಗಾಲದಲ್ಲಿ ಎಲೆಗೆ ನೀರು ತಾಗಿಸಬೇಡಿ ಎಂದು ಮೇಲೆ ಬಿಜೈಯವರಿಗೆ ಬರೆದ ಮಾತು ನಿಮ್ಮ ಬೇಸಿಗೆಗೆ ಅನ್ವಯಿಸುವುದಿಲ್ಲ. ಫೆಬ್ರವರಿಯಿಂದಲೇ ವಾರಕ್ಕೆ ಎರಡು ಮೂರು ಸಲ, ಬೆಳಗ್ಗೆ ಬೇಗ, ಎಲೆಯ ಅಡಿಭಾಗಕ್ಕೆ ರಭಸದ ನೀರು ಬಿಡಿ. ಬೆಳಗ್ಗೆಯೇ ಏಕೆಂದರೆ ಎಲೆ ಒಂದೆರಡು ಗಂಟೆಯಲ್ಲಿ ಒಣಗಿ ಕಪ್ಪು ಚುಕ್ಕೆಗೆ ಆಸ್ಪದವಾಗದು. ಕೆಳಗಿನ ಮನೆಯವರ ಬಟ್ಟೆ ಒಣಹಾಕುವ ಸಮಯವನ್ನು ತಿಳಿದುಕೊಂಡು ನೀರು ಬಿಡುವುದು ಫ್ಲ್ಯಾಟಿನಲ್ಲಿ ಗುಲಾಬಿ ಸಾಕುವವರ ಧರ್ಮ. ಬಲೆ ಕಟ್ಟಿದ ಎಲೆಗಳನ್ನು ಚೀಲದೊಳಗೆ ಕಿತ್ತು ಹಾಕಿ. ಆಮೇಲೂ ಉಳಿದರೆ ಸಂಜೆಯ ಹೊತ್ತು ಬೇವಿನೆಣ್ಣೆಯ ದ್ರಾವಣ ಕೊಡಬಹುದು.

ನುಸಿಗೆ ಗಂಧಕದ ಹುಡಿ ಒಳ್ಳೆಯ ಮದ್ದು ಎಂದು ನೀವು ಓದಿರಬಹುದು. ಅದು ನಿಜವಾದರೂ ಉಷ್ಣತೆ 32 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಂಧಕ ಎಲೆಯನ್ನು ಸುಡುತ್ತದೆ, ನಮ್ಮ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳು ಸಾಮಾನ್ಯವಾಗಿ ಅದನ್ನು ದಾಟುತ್ತವೆ. ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಗಂಧಕ ಬಳಸುವುದಂತೂ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ಸರ್ವಕೀಟನಾಶಕಗಳಿಂದ ದೂರವಿರಿ. ನುಸಿಯನ್ನು ತಿನ್ನುವ ಜೀವಿಗಳು ಮೊದಲು ಸತ್ತು, ನುಸಿ ಮೊದಲಿಗಿಂತ ಹೆಚ್ಚುತ್ತದೆ.

ಪ್ರಶ್ನೆ: ಅಡಿಕೆಗೆ ಮದ್ದು ಬಿಡಲು ಮಾಡಿದ ಬೋರ್ಡೋ ದ್ರಾವಣ ಪ್ರತಿ ವರ್ಷ ಒಂದಿಷ್ಟು ಉಳಿಯುತ್ತದೆ. ಅದನ್ನು ಅಂಗಳದ ಗುಲಾಬಿಗೆ ಬಿಡಬಹುದೇ? (ಕಾರ್ಕಳ)

ಉತ್ತರ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಪದ್ಧತಿಗೆ ಕರ್ನಾಟಕದಲ್ಲಿ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಈ ರೋಗದ ಅಧ್ಯಯನವನ್ನು ಪ್ರಕಟಿಸಿದ್ದರು. ಕಪ್ಪು ಚುಕ್ಕೆಯೂ ಶಿಲೀಂಧ್ರವೇ ಆದ್ದರಿಂದ ನಿಮ್ಮ ಯೋಚನೆಯಲ್ಲಿ ತರ್ಕವಿದೆ. ಆದರೂ ನಾನು ಬೇಡವೆನ್ನುತ್ತೇನೆ. ಅಡಿಕೆ ಗೊನೆ ತಡೆದುಕೊಳ್ಳುವ ಶೇಕಡಾ 1ರ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಒಂದು ಕಿಲೋ ಸುಣ್ಣ ಬೆರೆಸಿದ್ದನ್ನು, ಗುಲಾಬಿಯ ಎಳೆಯ ಎಲೆ ತಡೆದುಕೊಳ್ಳುವುದು ಕಷ್ಟ. ಮೋಡ ಕವಿದ ಒದ್ದೆ ದಿನಗಳಲ್ಲಿ ತಾಮ್ರ ಎಲೆಯನ್ನು ಸುಟ್ಟು ನೇರಳೆ ಕಲೆಗಳನ್ನು ಉಳಿಸುತ್ತದೆ. ಮಾಡಿದ ದಿನವೇ ಮುಗಿಸಬೇಕಾದ ದ್ರಾವಣವದು. ಮರುದಿನಕ್ಕೆ ಇಟ್ಟದ್ದು ಅಡಿಕೆಗೂ ಪ್ರಯೋಜನವಿಲ್ಲ.

ನಿಮ್ಮಲ್ಲಿ ಮೈಲುತುತ್ತು ಮತ್ತು ಸುಣ್ಣ ಹೇಗೂ ಇರುವುದರಿಂದ ಬೇರೊಂದು ಉಪಯೋಗವಿದೆ. ತಲಾ 100 ಗ್ರಾಮನ್ನು ಬೇರೆ ಬೇರೆ ಅರ್ಧ ಲೀಟರ್ ನೀರಿನಲ್ಲಿ, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿ, ಆಮೇಲೆ ಕೂಡಿಸಿದರೆ ಬೋರ್ಡೋ ಮುಲಾಮು ಆಗುತ್ತದೆ. ಅದರಲ್ಲಿ ಹೊಳಪಿನ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಇದು ನಿಮಗೆ ಗೊತ್ತಿರುವ ಪರೀಕ್ಷೆಯೇ. ಅಕ್ಟೋಬರ್‌ನಲ್ಲಿ ಗುಲಾಬಿ ಸವರಿದ ಕೂಡಲೇ ಕತ್ತರಿಸಿದ ತುದಿಗಳಿಗೆ ಅದನ್ನು ಕುಂಚದಿಂದ ಹಚ್ಚಿ. ತುದಿಯಿಂದ ಕೆಳಕ್ಕೆ ಕಡ್ಡಿ ಕಪ್ಪಾಗುತ್ತಾ ಇಳಿಯುವ ಒಣಗು ರೋಗಕ್ಕೆ ಇದು ಒಳ್ಳೆಯ ತಡೆ.

ಪ್ರಶ್ನೆ: ಬೇವಿನೆಣ್ಣೆಯ ದ್ರಾವಣ ಮಾಡಿದಾಗಲೆಲ್ಲ ಎಣ್ಣೆ ಮೇಲೆ ತೇಲುತ್ತದೆ. ಸರಿಯಾದ ಕ್ರಮ ಯಾವುದು? (ಸುರತ್ಕಲ್)

ಉತ್ತರ: ನೀವು ಎಣ್ಣೆಯನ್ನು ನೇರ ನೀರಿಗೆ ಹಾಕುತ್ತಿರಬೇಕು. ಒಂದು ಲೋಟದಲ್ಲಿ 5 ಮಿಲಿಲೀಟರ್ ಬೇವಿನೆಣ್ಣೆಗೆ ಒಂದೆರಡು ಮಿಲಿಲೀಟರ್ ದ್ರವ ಸಾಬೂನು ಹಾಕಿ, ಎರಡೂ ಸೇರಿ ಬೆಳ್ಳಗೆ ಕೆನೆಯಾಗುವ ತನಕ ಕಡ್ಡಿಯಿಂದ ಕಲಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಉಗುರು ಬೆಚ್ಚಗಿನ ನೀರು ಸೇರಿಸುತ್ತಾ ಒಂದು ಲೀಟರಿಗೆ ತನ್ನಿ. ಸಿಂಪಡಿಸುವಾಗಲೂ ಬಾಟಲಿಯನ್ನು ನಡುನಡುವೆ ಕುಲುಕಬೇಕು. ಅಂದು ಮಾಡಿದ್ದನ್ನು ಅಂದೇ ಮುಗಿಸಿ. ಮೊದಲ ಸಲ ಒಂದೇ ಕೊಂಬೆಗೆ ಹಾಕಿ ಎರಡು ದಿನ ನೋಡಿ, ಎಲೆ ಸುಡದಿದ್ದರೆ ಉಳಿದವಕ್ಕೆ ಕೊಡಿ. ಬಿಸಿಲು ಇಳಿದ ಮೇಲೆ, ಜೇನುನೊಣಗಳು ಗೂಡು ಸೇರಿದ ಹೊತ್ತಿನಲ್ಲಿ ಸಿಂಪಡಿಸುವುದು ಒಳ್ಳೆಯದು. ಎಲೆಯ ಅಡಿಭಾಗಕ್ಕೆ ತಾಗದಿದ್ದರೆ ಸಿಂಪಡಿಸಿದ್ದು ವ್ಯರ್ಥ, ಏಕೆಂದರೆ ರಸ ಹೀರುವವರೆಲ್ಲ ಅಲ್ಲೇ ಇರುವುದು. ವಾರ, ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ ಕೊಟ್ಟರೆ ಗಿಡಹೇನು, ನುಸಿ, ಹಿಟ್ಟು ತಿಗಣೆ ಹತೋಟಿಗೆ ಬರುತ್ತವೆ. ದುಂಬಿಗೂ ಬಸವನಹುಳುವಿಗೂ ಇದರಿಂದ ಹೆಚ್ಚಿನ ಫಲವನ್ನು ನಿರೀಕ್ಷಿಸಬೇಡಿ. ಪಾತ್ರೆ ತೊಳೆಯುವ ಖಾರವಾದ ಸಾಬೂನನ್ನು ಅಳತೆ ಮೀರಿ ಬಳಸಿದರೆ ಎಲೆಯ ಮೇಣ ಹೋಗಿ ಸುಡುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ಫೋರೇಟ್ ಎಂಬ ಕೀಟನಾಶಕದ ಹರಳುಗಳ ಹಳೆಯ ಪೊಟ್ಟಣ ಕೊಟ್ಟು, ಬುಡಕ್ಕೆ ಒಂದು ಚಮಚ ಹಾಕಿದರೆ ವರ್ಷವಿಡೀ ಹುಳದ ಕಾಟವಿಲ್ಲ ಎಂದಿದ್ದಾರೆ. ಗುಲಾಬಿಗಳು ಬಾವಿಕಟ್ಟೆಯ ಬಳಿ ಇವೆ. ಹಾಕಬಹುದೇ? (ಮೂಲ್ಕಿ)

ಉತ್ತರ: ಖಂಡಿತ ಬೇಡ. ಫೋರೇಟ್ ಅತ್ಯಂತ ವಿಷಕಾರಿಯಾದುದು, ಕೇಂದ್ರ ಸರಕಾರವು 2020ರ ಡಿಸೆಂಬರ್ 31ರಿಂದ ಇದನ್ನು ಸಂಪೂರ್ಣ ನಿಷೇಧಿಸಿದೆ. ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ನೆಲ ತೂತು ತೂತಾದುದು. ಕಟ್ಟೆಯ ಬಳಿ ಹಾಕಿದ್ದು ನಾಲ್ಕು ಮಳೆಯೊಳಗೆ ಬಾವಿಗೆ ಇಳಿದರೆ ಅಚ್ಚರಿಯಿಲ್ಲ. ಅಂಗಳದಲ್ಲಿ ಮಕ್ಕಳು, ಕೋಳಿ, ನಾಯಿ ಓಡಾಡುವುದನ್ನೂ ಯೋಚಿಸಿ. ಪೊಟ್ಟಣವನ್ನು ಬಿಡಿಸದೆ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಟ್ಟು, ವಿಲೇವಾರಿ ಹೇಗೆಂದು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹುಳದ ಗುರುತು ಸಿಗದಿದ್ದರೆ ಹಾಳಾದ ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಮಂಗಳೂರಿನ ಕಂಕನಾಡಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು, ಉಡುಪಿಯವರಿಗೆ ಬ್ರಹ್ಮಾವರದ ಕೇಂದ್ರ ಹತ್ತಿರ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ದಾರಿಯಲ್ಲೇ ಎಲೆ ಬೆವರಿ ಕೊಳೆಯುತ್ತದೆ.

ಪ್ರಶ್ನೆ: ಗುಲಾಬಿ ಸಾಕಬೇಕೆಂಬ ಆಸೆ ಇದೆ, ಅನುಭವ ಇಲ್ಲ. ಯಾವ ತಿಂಗಳಲ್ಲಿ, ಎಂಥ ಗಿಡ ತರಲಿ? (ಕುಂದಾಪುರ)

ಉತ್ತರ: ನವೆಂಬರ್‌ನಲ್ಲಿ ತನ್ನಿ. ಮುಂದಿನ ಮಳೆಗೆ ಆರು ತಿಂಗಳು ಸಿಗುತ್ತದೆ, ಅಷ್ಟರಲ್ಲಿ ಗಿಡ ಬೇರು ಬಿಟ್ಟು ಗಟ್ಟಿಯಾಗುತ್ತದೆ. ಹೂವಿನ ಗಾತ್ರಕ್ಕೆ ಮರುಳಾಗದೆ, ಒಂದೋ ಎರಡೋ ಗಿಡದಿಂದ ಆರಂಭಿಸಿ. ನಮ್ಮ ಅಜ್ಜಿಯಂದಿರ ಅಂಗಳದಲ್ಲಿದ್ದ ಪನ್ನೀರು ಗುಲಾಬಿ, ಗೊಂಚಲಾಗಿ ಹೂ ಬಿಡುವ ಬಟನ್ ಗುಲಾಬಿ ಇವು ದೊಡ್ಡ ಹೂವಿನ ಕಸಿ ಗಿಡಗಳಿಗಿಂತ ಕರಾವಳಿಯ ಹವೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ ಎಂಬುದು ನನ್ನ ಅನುಭವ.

ಕೊಳ್ಳುವಾಗ ಹೂವನ್ನು ಬಿಟ್ಟು ಎಲೆಯನ್ನು ತಿರುಗಿಸಿ ನೋಡಿ. ಕೆಳಗಿನ ಎಲೆಯಲ್ಲಿ ಕಪ್ಪು ಚುಕ್ಕೆ, ಎಲೆಯಡಿ ಬಲೆ, ಕಾಂಡದ ಮೇಲೆ ಕೆರೆದರೆ ಏಳುವ ಕಂದು ಹುರುಪೆಯಂಥ ಶಲ್ಕ ಕೀಟ ಇವುಗಳಲ್ಲಿ ಒಂದಿದ್ದರೂ ಆ ಗಿಡ ಬೇಡ. ಕಸಿ ಕಟ್ಟಿದ ಗಂಟು ಎಲ್ಲಿದೆಯೆಂದು ಗುರುತಿಟ್ಟುಕೊಳ್ಳಿ. ಅದರ ಕೆಳಗಿನಿಂದ ಬರುವ ಚಿಗುರು ಕಸಿಗೆ ಆಧಾರವಾದ ಬೇರುಗಿಡದ್ದು, ಕಂಡ ಕೂಡಲೇ ಬುಡಸಮೇತ ಕಿತ್ತು ತೆಗೆಯಬೇಕು. ಮನೆಯಲ್ಲಿ ಬೇರೆ ಗುಲಾಬಿಗಳಿದ್ದರೆ ಹೊಸದನ್ನು ಎರಡು ವಾರ ದೂರ ಇಟ್ಟು ನೋಡಿ. ನೆಡುವ ಮಿಶ್ರಣಕ್ಕೆ ಕೆಂಪುಮಣ್ಣು, ಹಟ್ಟಿಗೊಬ್ಬರ, ಸ್ವಲ್ಪ ಹೊಯಿಗೆ (ಮರಳು) ಸಾಕು. ನಮ್ಮ ಮಣ್ಣು ಸಾಮಾನ್ಯವಾಗಿ ಹುಳಿಯಾದುದರಿಂದ, ಗಿಡ ನೆಡುವುದಕ್ಕೆ ಎರಡು ವಾರ ಮೊದಲೇ ಕುಂಡಕ್ಕೊಂದು ಚಮಚ ಚಿಪ್ಪಿನ ಸುಣ್ಣದ ಹುಡಿ ಬೆರೆಸಿ, ನೀರು ಚಿಮುಕಿಸಿ ಬಿಟ್ಟಿರಿ. ನಿಮ್ಮಲ್ಲಿ ಮಲ್ಲಿಗೆಗೆ ಬಳಸುವ ಸುಡುಮಣ್ಣು ಇದ್ದರೆ ಅದನ್ನೂ ಒಂದು ಬೊಗಸೆ ಸೇರಿಸಬಹುದು, ಆಗ ಸುಣ್ಣವನ್ನು ಅರ್ಧಕ್ಕೆ ಇಳಿಸಿ.